ಅಪ್ಪಯ್ಯನ ಜಿಪ್ಸಿಗೆ ಗಿಡ್ಡ ಗೇರ್ ಲಿವರ್

ನಮ್ಮ ಮನೆಯ ಮಾರುತಿ ಜಿಪ್ಸಿಯಲ್ಲಿ ಒಂದನೇ ಗೇರಿನಿಂದ ಎರಡಕ್ಕೆ ಹೋಗಬೇಕಾದರೆ ಲಿವರಿನ ತಲೆಯ ಗುಂಡು ಹಿಡಿ, ಅಂದರೆ ನಾಬ್, ಹೆಚ್ಚುಕಡಿಮೆ 19 ಸೆಂಟಿಮೀಟರ್ ಹಿಂದಕ್ಕೆ ಬರಬೇಕಿತ್ತು. ಟೇಪು ಹಿಡಿದು ಅಳೆದದ್ದು. ಅದರಲ್ಲಿ ನಾಲ್ಕು ಸೆಂಟಿಮೀಟರ್ ಬರೀ ಆಟ, ಅಂದರೆ ಲಿವರ್ ಅಲ್ಲಾಡುತ್ತೆ, ಒಳಗೆ ಏನೂ ಜರುಗೋದಿಲ್ಲ. ಉಳಿದ 15 ನಿಜವಾದ ದೂರ. ತೋಟದಿಂದ ಮನೆಗೆ ಹತ್ತುವ ಏರಿನಲ್ಲಿ ಮೊಣಕೈ ಸೀಟಿಗೆ ತಾಗುವಷ್ಟು ಹಿಂದಕ್ಕೆ ಎಳೆದರೆ ಎರಡನೇ ಗೇರ್ ಸಿಗೋದು.

ಈ ಜಿಪ್ಸಿ 2004ರದ್ದು. ಅಪ್ಪಯ್ಯ ಅದನ್ನು ಸೆಕೆಂಡ್ ಹ್ಯಾಂಡ್ ತಗೊಂಡಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಮಲೆನಾಡಿನಲ್ಲಿ ಇದ್ದವರಿಗೆ ಜಿಪ್ಸಿ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. 1985ರಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂದ ಗಾಡಿ. ಆಮೇಲೆ 1298 ಸಿಸಿಯ ಜಿಪ್ಸಿ ಕಿಂಗ್ ಆಯ್ತು, 2000ದಿಂದ ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಆಯ್ತು, 80 ಕುದುರೆ ಶಕ್ತಿ. ಹಗುರ ಮೈ, ನಾಲ್ಕೂ ಚಕ್ರಕ್ಕೆ ಎಳೆತ. ಮಳೆಗಾಲದಲ್ಲಿ ನಮ್ಮ ಮೇಗರವಳ್ಳಿ ಕಡೆಯ ಮಣ್ಣು ರಸ್ತೆ ಹೇಗಿರುತ್ತೆ ಅಂತ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು. ಅಡಿಕೆ ಮೂಟೆ, ಗೊಬ್ಬರ, ಅಡಿಕೆಗೆ ಹೊಡೆಯುವ ಬೋರ್ಡೋ ಮಿಶ್ರಣಕ್ಕೆ ಸುಣ್ಣ ಮೈಲುತುತ್ತ, ಹುಷಾರಿಲ್ಲದ ಪಕ್ಕದ ಮನೆಯವರು, ಎಲ್ಲ ಇದರಲ್ಲೇ ತೀರ್ಥಹಳ್ಳಿಗೆ ಹೋಗಿ ಬಂದಿದ್ದಾರೆ.

ನಾನು ಕೆಲಸಕ್ಕೆ ಶಿವಮೊಗ್ಗದಲ್ಲಿದ್ದೇನೆ. ಶನಿವಾರ ಸಂಜೆ ಮನೆಗೆ ಹೋದರೆ ಆ ಗಾಡಿಯ ಒಂದಲ್ಲ ಒಂದು ಕೆಲಸ ನನಗೆ ಇಷ್ಟ. ಆಯಿಲ್ ಬದಲಾಯಿಸೋದು, ಪ್ಲಗ್ ತಿಕ್ಕೋದು, ಗ್ರೀಸ್ ಹೊಡೆಯೋದು. ಹೋದ ವರ್ಷ ದೀಪಾವಳಿ ಹೊತ್ತಿಗೆ ನನ್ನ ತಲೆಯಲ್ಲಿ ಕೂತಿದ್ದು ಈ ಗೇರ್ ಲಿವರ್. ರ‍್ಯಾಲಿಗೆ ಗಾಡಿ ಕಟ್ಟುವ ಪರಿಚಯದವರೊಬ್ಬರ ಹತ್ತಿರ ಲಿವರಿನ ಓಡಾಟ ಕಡಿಮೆ ಮಾಡುವ ಒಂದು ಶಾರ್ಟ್ ಶಿಫ್ಟರ್ ಕಿಟ್ ಇತ್ತು. ಬಳಸದೆ ಇಟ್ಟಿದ್ದು. ಒಂದು ಹೊಸ ಲಿವರ್, ಅದು ಕೂರುವ ಎತ್ತರದ ಕೇಸ್, ಗ್ಯಾಸ್ಕೆಟ್, ನೈಲಾನ್ ಬುಷ್, ಲಿವರಿನ ಬುಡ ಮುಚ್ಚುವ ದಪ್ಪ ರಬ್ಬರ್ ಚೀಲ, ಅಂದರೆ ಬೂಟು. ಕೈಗೆ ತಗೊಂಡು ನೋಡಿದೆ. ಬಿಡಲು ಮನಸ್ಸಾಗಲಿಲ್ಲ.

ಇದು ಕೆಲಸ ಮಾಡೋದು ಹೇಗೆ ಅಂತ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನ ಕಥೆ ಅರ್ಥ ಆಗೋದಿಲ್ಲ.

ಗೇರ್ ಲಿವರ್ ಅಂದರೆ ಶಾಲೆಯಲ್ಲಿ ಓದಿದ ಸನ್ನೆಕೋಲು. ಮಧ್ಯೆ ಒಂದು ಕಬ್ಬಿಣದ ಗುಂಡು, ಅದು ಬುಷ್ಷಿನ ಬಟ್ಟಲಲ್ಲಿ ಕೂತು ತಿರುಗುತ್ತೆ. ಗುಂಡಿನ ಮೇಲೆ ನಮ್ಮ ಕೈ ಹಿಡಿಯುವ ಉದ್ದ ಭಾಗ, ಕೆಳಗೆ ಗೇರ್ ಬಾಕ್ಸಿನೊಳಗೆ ಇಳಿದ ಮೋಟು ಭಾಗ. ನಮ್ಮ ಜಿಪ್ಸಿಯಲ್ಲಿ ಮೇಲೆ 36 ಸೆಂಟಿಮೀಟರ್, ಕೆಳಗೆ 6. ಅಂದರೆ ಕೆಳಗಿನ ತುದಿ ಎರಡೂವರೆ ಸೆಂಟಿಮೀಟರ್ ಜರುಗಲು ನಾಬ್ ಅದರ ಆರು ಪಟ್ಟು, 15 ಸೆಂಟಿಮೀಟರ್ ಜರುಗಬೇಕು. ಕಿಟ್ಟಿನ ಕೇಸ್ ಆ ಗುಂಡನ್ನು ಒಂದೂವರೆ ಸೆಂಟಿಮೀಟರ್ ಮೇಲಕ್ಕೆ ಎತ್ತುತ್ತೆ. ಆಗ ಕೆಳಗಿನ ಭಾಗ ಏಳೂವರೆ. ಮೇಲಿನ ಭಾಗ ಕಿಟ್ಟಿನಲ್ಲಿ 33 ಇತ್ತು. ಭಾಗಿಸಿದರೆ 4.4 ಪಟ್ಟು. ನಾಬ್ ಹನ್ನೊಂದೇ ಸೆಂಟಿಮೀಟರ್ ಜರುಗಿದರೆ ಸಾಕು.

ಇಷ್ಟು ಲೆಕ್ಕ ನಾನು ಮೊದಲೇ ಮಾಡಿದ್ದೆ. ಲೆಕ್ಕದ ಇನ್ನೊಂದು ಅರ್ಧವೂ ಗೊತ್ತಿತ್ತು. ದೂರ ಎಷ್ಟು ಕಡಿಮೆ ಆಗುತ್ತೋ ಬಲ ಅಷ್ಟು ಜಾಸ್ತಿ ಬೇಕು. ಮೊದಲು ಮೂರು ಕೆಜಿ ಬಲದಲ್ಲಿ ಬೀಳುತ್ತಿದ್ದ ಗೇರಿಗೆ ಈಗ ನಾಲ್ಕು ಕೆಜಿಗೂ ಸ್ವಲ್ಪ ಮೇಲೆ. ಕಲ್ಲು ಮೀಟುವಾಗ ಹಾರೆಯನ್ನು ತುದಿಯಲ್ಲಿ ಹಿಡಿಯದೆ ಮಧ್ಯದಲ್ಲಿ ಹಿಡಿದರೆ ಏನಾಗುತ್ತೆ ಅಂತ ತೋಟದಲ್ಲಿ ಬೆಳೆದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ಕೆಜಿ ಏನು ಮಹಾ ಅನ್ನಿಸಿತ್ತು ನನಗೆ. ನನ್ನ ಕೈಗೆ ಅದು ಏನೂ ಅಲ್ಲ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಅಂಗಳದಲ್ಲಿ ಕೆಲಸ ಶುರು ಮಾಡಿದೆ. ಜಿಪ್ಸಿಯ ಒಂದು ದೊಡ್ಡ ಅನುಕೂಲ ಅಂದರೆ ಇದೆಲ್ಲ ಗಾಡಿಯ ಒಳಗೆ ಕೂತೇ ಆಗುವ ಕೆಲಸ. ಲಿವರ್ ನೇರ ಗೇರ್ ಬಾಕ್ಸಿನ ಮೇಲೇ ಕೂತಿದೆ. ಮುಂದಿನ ಚಕ್ರ ಎಳೆಯುವ ಈಗಿನ ಕಾರುಗಳಲ್ಲಿ ಹಾಗಲ್ಲ, ಲಿವರಿನಿಂದ ಗೇರ್ ಬಾಕ್ಸಿಗೆ ಎರಡು ಕೇಬಲ್ ಹೋಗುತ್ತವೆ. ಒಂದು ಅಡ್ಡ ಜರುಗಿಸೋದಕ್ಕೆ, ಒಂದು ಮುಂದೆ ಹಿಂದೆ ಮಾಡೋದಕ್ಕೆ. ಅಂಥ ಕಾರಿಗೆ ಶಾರ್ಟ್ ಶಿಫ್ಟರ್ ಅಂದರೆ ಒಂದೋ ಒಳಗಿನ ಲಿವರ್ ಬದಲಾಗುತ್ತೆ, ಇಲ್ಲ ಗೇರ್ ಬಾಕ್ಸ್ ಮೇಲಿನ ತೋಳು ಮೋಟಾಗುತ್ತೆ. ನಮ್ಮದರಲ್ಲಿ ಆ ತಲೆಬಿಸಿ ಇಲ್ಲ.

ಮೊದಲು ಬ್ರಷ್ ತಗೊಂಡು ಲಿವರಿನ ಸುತ್ತ ಇದ್ದ ಮಣ್ಣು, ಅಡಿಕೆ ಸಿಪ್ಪೆಯ ಪುಡಿ, ಇಪ್ಪತ್ತು ವರ್ಷದ ಕೆಂಧೂಳು ಎಲ್ಲ ತೆಗೆದೆ. ಇದಕ್ಕೇ ಅರ್ಧ ಗಂಟೆ. ಯಾರಾದರೂ ಈ ಕೆಲಸ ಮಾಡೋರಿದ್ದರೆ ನಾನು ಕೈಮುಗಿದು ಹೇಳೋದು ಇದೊಂದೇ, ಮೊದಲು ಗುಡಿಸಿ. ಲಿವರ್ ಮೇಲೆತ್ತಿದ ಮೇಲೆ ಅಲ್ಲಿ ತೆರೆದುಕೊಳ್ಳೋದು ಗೇರ್ ಬಾಕ್ಸಿನ ಬಾಯಿ. ಅದರೊಳಗೆ ಒಂದು ಹರಳು ಬಿದ್ದರೂ ಆಮೇಲೆ ಇಡೀ ಡಬ್ಬ ಬಿಚ್ಚಬೇಕಾಗುತ್ತೆ.

ನಾಬ್ ತಿರುಗಿಸಿ ತೆಗೆದೆ. ಹೊರಗಿನ ಬೂಟಿನ ಸ್ಕ್ರೂ ಬಿಚ್ಚಿದೆ. ಒಳಗಿನ ಬೂಟನ್ನು ಮೇಲಕ್ಕೆ ಸರಿಸಿದೆ. ಅದರ ಕೆಳಗೆ ಒಂದು ದುಂಡು ಮುಚ್ಚಳ. ಅದನ್ನು ಬೆರಳುಗಳಿಂದ ಕೆಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿದರೆ ಕಳಚಿಕೊಳ್ಳುತ್ತೆ, ಒಳಗೆ ಸ್ಪ್ರಿಂಗ್ ಇರೋದರಿಂದ ಮೇಲಕ್ಕೆ ಪುಟಿಯುತ್ತೆ. ಬಲ್ಬ್ ಹೋಲ್ಡರಿನಿಂದ ಬಲ್ಬ್ ತೆಗೆದ ಹಾಗೆ. ಇಡೀ ಲಿವರ್ ಕೈಗೆ ಬಂತು. ಗೇರ್ ಆಯಿಲ್ಲಿನ ಆ ಗಂಧಕದ ವಾಸನೆ ಅಂಗಳಕ್ಕೆಲ್ಲ ಹರಡಿತು. ಅಮ್ಮ ಒಳಗಿಂದ, "ಎಂತದು ಮಾರಾಯಾ ನಾತ" ಅಂದರು.

ಹಳೆ ಬುಷ್ ನೋಡಿ ಬೇಜಾರಾಯ್ತು. ಬಿಳಿ ನೈಲಾನ್ ಹಳದಿ ತಿರುಗಿ, ಒಂದು ಬದಿ ಕಾಗದದಷ್ಟು ತೆಳ್ಳಗೆ ಸವೆದಿತ್ತು, ಇನ್ನೊಂದು ಬದಿ ಸೀಳಿತ್ತು. ಒಂದು ಚೂರು ಇರಲೇ ಇಲ್ಲ. ಟಾರ್ಚ್ ಹಿಡಿದು ಹುಡುಕಿದೆ. ಕೇಸಿನ ಅಂಚಿನಲ್ಲಿ ಗ್ರೀಸಿಗೆ ಅಂಟಿಕೊಂಡಿತ್ತು. ಚಿಮಟದಿಂದ ಎತ್ತಿ, ಉಳಿದ ಬುಷ್ಷಿಗೆ ಜೋಡಿಸಿ, ಪೂರ್ತಿ ಇದೆ ಅಂತ ಖಾತ್ರಿ ಮಾಡಿಕೊಂಡ ಮೇಲೇ ಮುಂದಿನ ಕೆಲಸ. ಕೈಬೆರಳಗಲದ ಒಂದು ಪ್ಲಾಸ್ಟಿಕ್ ಬಟ್ಟಲು ಇಷ್ಟು ವರ್ಷ ನಮ್ಮ ಮನೆಯ ಎಲ್ಲರ ಕೈಯ ಭಾರ ಹೊತ್ತು ಸವೆದಿತ್ತು.

ಬಾಯಿಗೆ ಒಗೆದ ಪಂಚೆಯ ತುಂಡು ತುರುಕಿ, ಹಳೆ ಕೇಸಿನ ಬೋಲ್ಟ್ ಬಿಚ್ಚಿ, ಗ್ಯಾಸ್ಕೆಟ್ಟಿನ ಅಂಟು ಕೆರೆದು, ಹೊಸ ಕೇಸ್ ಕೂರಿಸಿದೆ. ಗುಂಡಿಗೆ ಗ್ರೀಸ್ ಸವರಿ ಹೊಸ ಬುಷ್ಷಿನಲ್ಲಿ ಇಳಿಸಿದಾಗ ಬಂದ ಆ ಬಿಗಿ! ಕುಲುಕಿದರೆ ಆಟವೇ ಇಲ್ಲ. ಎಂಜಿನ್ ಬಂದ್ ಇಟ್ಟೇ ಐದೂ ಗೇರ್, ರಿವರ್ಸ್ ಎಲ್ಲ ಹಾಕಿ ನೋಡಿದೆ. ಟಕ್, ಟಕ್, ಟಕ್. ಒಳ್ಳೆ ಬಂದೂಕಿನ ಬೋಲ್ಟ್ ಎಳೆದ ಹಾಗೆ. ಪಕ್ಕದ ಫೋರ್ ವೀಲ್ ಲಿವರಿಗೆ ತಾಗುತ್ತಾ ನೋಡಿದೆ, ಇಲ್ಲ. ಬೂಟು ಹಾಕಿ ಸ್ಕ್ರೂ ಬಿಗಿ ಮಾಡಿದೆ.

ಇಲ್ಲೊಂದು ತಪ್ಪು ಆಯ್ತು. ಅದನ್ನು ಬರೆಯಲೇಬೇಕು. ಗಾಡಿ ತೋಟಕ್ಕೆ ಇಳಿಸಿ, ವಾಪಸ್ ಏರು ಹತ್ತುವಾಗ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಅರ್ಧ ಏರಿನಲ್ಲಿ ಲಿವರ್ ತಾನಾಗೇ ನ್ಯೂಟ್ರಲ್ಲಿಗೆ ಬಂತು. ಎಂಜಿನ್ ಕೂಗಿತು, ಗಾಡಿ ಹಿಂದಕ್ಕೆ ಜಾರಿತು. ಬ್ರೇಕ್ ತುಳಿದು ನಿಲ್ಲಿಸಿದೆ. ಎದೆ ಹೊಡ್ಕೊಳ್ತಿತ್ತು. ಆ ಇಳಿಜಾರಿನ ಕೆಳಗೆ ಕೆರೆ ಇದೆ.

ಗೇರ್ ಬಾಕ್ಸಿನೊಳಗೆ ಗೇರನ್ನು ಹಿಡಿಯುವ ಬಳೆ, ಅಂದರೆ ಸ್ಲೀವ್, ಪೂರ್ತಿ ಜರುಗಿ ಕಚ್ಚಿಕೊಳ್ಳದಿದ್ದರೆ ಎಳೆತದ ಹೊತ್ತಿಗೆ ಹೀಗೆ ಕಿತ್ಕೊಂಡು ಬರುತ್ತೆ. ಯಾಕೆ ಪೂರ್ತಿ ಜರುಗಲಿಲ್ಲ? ಬೂಟು ಬಿಚ್ಚಿ ಅದೇ ಏರು ಹತ್ತಿದೆ, ಈ ಸಲ ಕೈ ಲಿವರಿನ ಹತ್ತಿರವೇ ಇಟ್ಟುಕೊಂಡು. ಕಿತ್ಕೊಂಡು ಬರಲಿಲ್ಲ. ಮತ್ತೆ ಹಾಕಿ ಹತ್ತಿದೆ, ಬಂತು. ಕಿಟ್ಟಿನ ಹೊಸ ರಬ್ಬರ್ ಬೂಟು ದಪ್ಪ, ಗಡಸು. ಲಿವರ್ ಹಿಂದಕ್ಕೆ ಎಳೆದಾಗ ಅದು ಮಡಚಿಕೊಳ್ಳದೆ ಮುಂದಕ್ಕೆ ದೂಡುತ್ತಿತ್ತು. ಒಳಗೆ ಹಳೆಯ ಮೆತ್ತನೆ ಬೂಟನ್ನೇ ಹಾಕಿ, ಹೊರಗಿಗೆ ತೀರ್ಥಹಳ್ಳಿಯಲ್ಲಿ ಸೀಟ್ ಕವರ್ ಹೊಲಿಯುವವರ ಹತ್ತಿರ ರೆಕ್ಸಿನ್ನಿನ ಸಡಿಲ ಚೀಲ ಹೊಲಿಸಿದೆ. ಆಮೇಲೆ ಒಮ್ಮೆಯೂ ಹಾಗಾಗಿಲ್ಲ. ಹಾಗಾಗಿ ಬೂಟು ಹಾಕುವ ಮೊದಲೂ, ಹಾಕಿದ ಮೇಲೂ ಏರಿನಲ್ಲಿ ಓಡಿಸಿ ನೋಡಿ. ಅಂಗಳದಲ್ಲಿ ಎಲ್ಲ ಗೇರೂ ಬೀಳುತ್ತೆ.

ಮಾರನೇ ವಾರ ಆಗುಂಬೆ ಘಾಟಿಗೆ ಒಯ್ದೆ. ಒಬ್ಬನೇ. ಬೆಳಿಗ್ಗೆ ಆರೂವರೆ, ಮಂಜು ಇನ್ನೂ ಎದ್ದಿರಲಿಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಆ 14 ತಿರುವುಗಳು ನಮ್ಮ ಕಡೆಯವರಿಗೆ ಡ್ರೈವಿಂಗಿನ ಪರೀಕ್ಷೆ ಇದ್ದ ಹಾಗೆ. ಭಾರಿ ಲಾರಿಗಳಿಗೆ ಅಲ್ಲಿ ಬಿಡೋದಿಲ್ಲ, ಅವು ಹುಲಿಕಲ್ ಕಡೆಯಿಂದ ಸುತ್ತಿ ಹೋಗುತ್ತವೆ. ಇಳಿಯುವಾಗ ಎರಡನೇ ಗೇರಿನಲ್ಲೇ ಇಟ್ಟು ಎಂಜಿನ್ನಿಗೆ ಹಿಡಿತ ಕೊಡಬೇಕು, ಬರೀ ಬ್ರೇಕ್ ನಂಬಬಾರದು. ಹತ್ತುವಾಗ ತಿರುವಿನ ಒಳಗೆ ಗೇರ್ ಇಳಿಸಬೇಕಾಗುತ್ತೆ. ಸ್ಟೇರಿಂಗ್ ಪೂರ್ತಿ ತಿರುಗಿದೆ, ಒಂದೇ ಕೈ ಅದರ ಮೇಲಿದೆ, ಎದುರಿಗೆ ಮಿನಿ ಬಸ್ಸಿನ ಮೂತಿ ಕಾಣ್ತಿದೆ. ಆ ಹೊತ್ತಿಗೆ ಎಡಗೈ ಎಷ್ಟು ಬೇಗ ಸ್ಟೇರಿಂಗಿಗೆ ವಾಪಸ್ ಬರುತ್ತೋ ಅಷ್ಟು ಒಳ್ಳೆಯದು.

ಅಲ್ಲಿ ಈ ಗಿಡ್ಡ ಲಿವರ್ ಏನು ಅಂತ ಗೊತ್ತಾಯ್ತು. ಮೂರರಿಂದ ಎರಡಕ್ಕೆ ಮಣಿಕಟ್ಟು ಮಾತ್ರ ತಿರುಗಿಸಿದರೆ ಸಾಕು, ಭುಜ ಅಲ್ಲಾಡಬೇಕಾಗಿಲ್ಲ. ಗೇರ್ ಎಲ್ಲಿದೆ ಅಂತ ಹುಡುಕುವ ಕೆಲಸವೇ ಇಲ್ಲ. ಹತ್ತುವಾಗ ಏಳನೇ ತಿರುವೋ ಎಂಟನೆಯದೋ, ಲಿವರ್ ಎಳೆದು ಕ್ಲಚ್ ಬಿಟ್ಟಾಗ ಗಾಡಿ ಎಲ್ಲೂ ಉಸಿರು ಬಿಡದೆ ಎಳೆದುಕೊಂಡು ಹೋಯ್ತು. ಇಷ್ಟು ವರ್ಷದ ಪರಿಚಯದ ಗಾಡಿ ಅವತ್ತು ಬೇರೆಯೇ ಆಗಿ ಕಂಡಿತು. ಸೂರ್ಯಾಸ್ತ ನೋಡುವ ಜಾಗದಲ್ಲಿ ನಿಲ್ಲಿಸಿ ಸುಮ್ನೆ ಕೂತಿದ್ದೆ. ಅಷ್ಟು ಖುಷಿಯಾಗಿತ್ತು.

ಆದರೆ ಆ ಚಳಿಯಲ್ಲಿ ಇನ್ನೊಂದೂ ಗಮನಿಸಿದೆ. ಮನೆ ಬಿಟ್ಟ ಮೊದಲ ನಾಲ್ಕೈದು ಕಿಲೋಮೀಟರ್ ಎರಡನೇ ಗೇರ್ ತಡೆ ಹಿಡಿಯುತ್ತಿತ್ತು. ಒತ್ತಿ ಹಿಡಿದು ಕಾಯಬೇಕಿತ್ತು. ಇದು ಗೇರ್ ಬಾಕ್ಸ್ ಒಳಗಿನ ವಿಷಯ. ನಾವು ಲಿವರ್ ಎಳೆದಾಗ ಗೇರಿನ ಹಲ್ಲುಗಳು ಬಂದು ಸೇರಿಕೊಳ್ಳುತ್ತವೆ ಅಂತ ಅಂದುಕೊಳ್ಳುತ್ತೇವೆ. ಹಾಗಲ್ಲ, ಮುಂದಕ್ಕೆ ಹೋಗುವ ಗೇರುಗಳೆಲ್ಲ ಸದಾ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಜರುಗೋದು ಪಕ್ಕದ ಸ್ಲೀವ್. ಅದು ಗೇರಿಗೆ ಸೇರುವ ಮೊದಲು ಒಂದು ಹಿತ್ತಾಳೆ ರಿಂಗನ್ನು ಗೇರಿನ ಇಳಿಜಾರು ಮೈಗೆ ಒತ್ತುತ್ತೆ. ಆ ತಿಕ್ಕಾಟದಲ್ಲಿ ಎರಡರ ವೇಗ ಒಂದಾಗುತ್ತೆ, ಆಮೇಲೆ ದಾರಿ ಬಿಡುತ್ತೆ. ಇದೇ ಸಿಂಕ್ರೋ ರಿಂಗ್. ಚಳಿಯಲ್ಲಿ ಆಯಿಲ್ ದಪ್ಪ ಇರುತ್ತೆ, ರಿಂಗ್ ಹಿಡಿಯೋದು ತಡ ಆಗುತ್ತೆ. ಲಿವರ್ ಗಿಡ್ಡ ಮಾಡಿದರೆ ಕೈ ಬೇಗ ತಲುಪುತ್ತೆ, ಅಷ್ಟೇ. ರಿಂಗಿಗೆ ಬೇಕಾದ ಹೊತ್ತು ಅದಕ್ಕೆ ಬೇಕೇ ಬೇಕು. ಅವಸರ ಮಾಡಿ ದೂಡಿದರೆ ಆ ಹಿತ್ತಾಳೆಯೇ ಸವೆಯೋದು. ಆಯಿಲ್ ವಿಷಯದಲ್ಲೂ ಜಾಗ್ರತೆ ಬೇಕು. ಇಂಥ ಡಬ್ಬಕ್ಕೆ ಜಿಎಲ್-4 ದರ್ಜೆಯದ್ದು ಹಾಕಬೇಕು. ಜಿಎಲ್-5ರಲ್ಲಿ ಗಂಧಕ ರಂಜಕದ ಅಂಶ ಜಾಸ್ತಿ, ಹಿತ್ತಾಳೆಗೆ ಅದು ಒಗ್ಗೋದಿಲ್ಲ.

ಅಪ್ಪಯ್ಯನಿಗೆ ಈಗ 71. ಎರಡು ವರ್ಷದ ಹಿಂದೆ ಎಡ ಭುಜ ಹಿಡಿದುಕೊಂಡಿತ್ತು. ವ್ಯಾಯಾಮ ಮಾಡಿ ಮಾಡಿ ಮುಕ್ಕಾಲು ಪಾಲು ಬಿಟ್ಟಿದೆ, ಪೂರ್ತಿ ಅಲ್ಲ. ಅವರು ಗಾಡಿ ಓಡಿಸುವ ರೀತಿ ನನ್ನ ಹಾಗಲ್ಲ. ಲಿವರಿನ ನಾಬ್ ಮುಷ್ಟಿಯಲ್ಲಿ ಹಿಡಿಯೋದಿಲ್ಲ, ಅಂಗೈ ಮೇಲೆ ಇಟ್ಟು ಎರಡು ಬೆರಳಲ್ಲಿ ತರುತ್ತಾರೆ. ನ್ಯೂಟ್ರಲ್ಲಿನಲ್ಲಿ ಒಂದು ಕ್ಷಣ ನಿಲ್ಲಿಸುತ್ತಾರೆ. ಆಮೇಲೆ ಗೇರ್ ತಾನಾಗೇ ಬೀಳುತ್ತೆ. ನನಗೆ ಡ್ರೈವಿಂಗ್ ಕಲಿಸುವಾಗ ಕೈ ಲಿವರ್ ಮೇಲೇ ಇಟ್ಟುಕೊಂಡಿದ್ದರೆ, "ಕೈ ತೆಗಿ, ಅದು ಊರುಗೋಲಲ್ಲ" ಅಂತಿದ್ದರು. ಹಾಗೆ ಕೈ ಇಟ್ಟರೆ ಸ್ಲೀವನ್ನು ಜರುಗಿಸುವ ಒಳಗಿನ ಫೋರ್ಕ್, ತಿರುಗುತ್ತಿರುವ ಆ ಸ್ಲೀವಿಗೆ ಒತ್ತಿ ಎರಡೂ ಸವೆಯುತ್ತವೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ.

ಅವರು ಹೊಸ ಲಿವರಿನಲ್ಲಿ ಒಂದು ಸಲ ತೀರ್ಥಹಳ್ಳಿಗೆ ಹೋಗಿ ಬಂದರು. ಏನೂ ಹೇಳಲಿಲ್ಲ. ಎರಡನೇ ಸಲ ಹೋಗಬೇಕಾದಾಗ ಬಸ್ಸಿಗೆ ಹೋದರು. ಅಮ್ಮ ಫೋನಿನಲ್ಲಿ ಸುಮ್ನೆ ಮಾತಿಗೆ ಅಂತ ಹೇಳಿದ್ದು ಅದು. ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಶನಿವಾರ ಹೋದವನೇ ಕೇಳಿದೆ. "ಅಪ್ಪಯ್ಯ, ಲಿವರ್ ಸರಿ ಆಗಲಿಲ್ವಾ?"

"ಚೆನ್ನಾಗಿದ್ಯೋ. ಬಿಗಿ ಇದೆ. ಹಳೇದರ ಹಾಗೆ ಲೊಡಲೊಡ ಇಲ್ಲ."

"ಮತ್ತೆ ಬಸ್ಸಿಗೆ ಎಂತಕ್ಕೆ ಹೋದ್ರಿ?"

ಸ್ವಲ್ಪ ಹೊತ್ತು ಅಡಿಕೆ ಆರಿಸುತ್ತಲೇ ಇದ್ದರು. ಆಮೇಲೆ ಮೂಲೆಯಲ್ಲಿ ಒರಗಿಸಿದ್ದ, ಅಡಿಕೆ ಕೊನೆ ಕೊಯ್ಯುವ ಉದ್ದದ ದೋಟಿ ತೋರಿಸಿದರು. "ಅದನ್ನ ಬುಡದಲ್ಲಿ ಹಿಡಿದರೆ ತುದಿ ಬೇಗ ಹೋಗ್ತದೆ. ಆದರೆ ಭಾರ ಯಾರು ಹೊರೋದು? ನಿಂಗೆ ಆಗ್ತದೆ. ನಂಗೆ ಬಗ್ಗಿ ಒತ್ತಕ್ಕೆ ಭುಜ ಬರ್ತಿಲ್ಲ."

ಬಗ್ಗಿ ಅನ್ನುವ ಮಾತು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ನಾನು ಲೆಕ್ಕ ಹಾಕಿದ್ದು ಒಂದು ಕೆಜಿ ಮಾತ್ರ. ನಾಬ್ ಒಂದೂವರೆ ಸೆಂಟಿಮೀಟರ್ ಕೆಳಗೂ ಇಳಿದಿತ್ತು. ಮೂರು ಸೆಂಟಿಮೀಟರ್ ಮೋಟಾಯ್ತು, ಕೇಸಿನಿಂದ ಒಂದೂವರೆ ವಾಪಸ್ ಬಂತು. ಮೊದಲೇ ಪೂರ್ತಿ ಚಾಚದ ಭುಜ, ಅದನ್ನು ಇನ್ನಷ್ಟು ಕೆಳಗೆ ಚಾಚಿ, ಅಲ್ಲಿ ಜಾಸ್ತಿ ಬಲ ಹಾಕಬೇಕು. ಗಾಡಿ ಅವರದ್ದು. ವಾರದಲ್ಲಿ ಐದಾರು ದಿನ ಓಡಿಸೋದು ಅವರು. ನಾನು ನನ್ನ ಕೈಗೆ ಅಳತೆ ತಗೊಂಡಿದ್ದೆ. ಕೇಳಬೇಕಿತ್ತು, ಕೇಳಿರಲಿಲ್ಲ. ಈಗಲೂ ಅದು ಚುಚ್ಚುತ್ತೆ.

ಹಳೆ ಲಿವರ್ ವಾಪಸ್ ಹಾಕಿಬಿಡೋಣ ಅಂತಲೇ ಇದ್ದೆ. ಹೊಸ ಬುಷ್ ಹಾಕಿದರೆ ಅದರ ನಾಲ್ಕು ಸೆಂಟಿಮೀಟರ್ ಆಟ ಹೇಗೂ ಹೋಗುತ್ತೆ. ನಿಜ ಹೇಳಬೇಕೆಂದರೆ, ಹಳೆ ಗಾಡಿಯ ಗೇರ್ ಸರಿಯಿಲ್ಲ ಅನ್ನುವ ಹೆಚ್ಚಿನವರಿಗೆ ಬೇಕಾಗಿರೋದು ಆ ಬುಷ್ ಒಂದೇ. ಶಾರ್ಟ್ ಶಿಫ್ಟರ್ ತರುವ ಮೊದಲು ಬುಷ್ ಬದಲಾಯಿಸಿ ಒಂದು ತಿಂಗಳು ಓಡಿಸಿ ಅಂತ ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಆದರೆ ಅಪ್ಪಯ್ಯನೇ ಬಿಗಿ ಚೆನ್ನಾಗಿದೆ ಅಂದಿದ್ದರಲ್ಲ. ಅದು ತಲೆಯಲ್ಲಿ ಉಳಿಯಿತು. ಸೋಮವಾರ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ನನಗೆ ಗೊತ್ತಿರುವ ಒಂದು ಲೇತ್ ಅಂಗಡಿಗೆ ಲಿವರಿನ ಅಳತೆ ಹಿಡಿದುಕೊಂಡು ಹೋದೆ. ಅಲ್ಲಿ ಸಂಜೆ ಹೊತ್ತು ಒಬ್ಬರು ಹಿರಿಯ ಟರ್ನರ್ ಬಂದು ಕೂರುತ್ತಾರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಸರ್ವಿಸ್ ಮಾಡಿ ರಿಟೈರ್ ಆದವರು. ನನ್ನ ಕಥೆ ಪೂರ್ತಿ ಕೇಳಿ, ಕನ್ನಡಕ ಹಣೆಗೇರಿಸಿ, "ಕೆಳಗೆ ಮುಟ್ಟಬೇಡಿ. ಮೇಲೆ ಉದ್ದ ಮಾಡಿ. ಗುಬ್ಬಿ ಅವರ ಕೈ ಹತ್ತಿರ ಬರಲಿ" ಅಂದರು. ನಾಬಿಗೆ ಅವರು ಗುಬ್ಬಿ ಅಂತಲೇ ಅನ್ನೋದು.

ಐದು ಸೆಂಟಿಮೀಟರಿನ ಒಂದು ಸ್ಟೀಲ್ ತುಂಡು. ಒಂದು ತುದಿಗೆ ಒಳ ಥ್ರೆಡ್, ಇನ್ನೊಂದಕ್ಕೆ ಹೊರ ಥ್ರೆಡ್. ಅವರು ಟೂಲ್ ಇಡುವ ಮೊದಲು ನನ್ನ ಹಳೆ ನಾಬ್ ಇಸ್ಕೊಂಡು ಥ್ರೆಡ್ಡಿಗೆ ಗೇಜ್ ಹಿಡಿದು ಎರಡು ಸಲ ನೋಡಿದರು. ಲೇತ್ ತಿರುಗಲು ಶುರುವಾದ ಮೇಲೆ ಮಾತಿಲ್ಲ. ಸುರುಳಿ ಸುರುಳಿಯಾಗಿ ನೀಲಿ ಬಣ್ಣದ ಸಿಪ್ಪೆ ಎದ್ದು ಟ್ರೇಗೆ ಬೀಳುತ್ತಿತ್ತು. ಮುಗಿದ ಮೇಲೆ ಎಮೆರಿ ಕಾಗದದಲ್ಲಿ ಅಂಚು ಸವರಿ, ಅಂಗೈ ಮೇಲಿಟ್ಟು ಕೊಟ್ಟರು. ಇನ್ನೂ ಬೆಚ್ಚಗಿತ್ತು. "ಲಾಕ್ ನಟ್ ಹಾಕಿ, ಇಲ್ಲಾಂದ್ರೆ ತಿರುಗ್ತದೆ" ಅಂದರು. ದುಡ್ಡು ಜಾಸ್ತಿ ತಗೊಳ್ಳಲಿಲ್ಲ.

ಈಗಿನ ಲೆಕ್ಕ ಹೀಗಿದೆ. ಮೇಲೆ 38, ಕೆಳಗೆ ಏಳೂವರೆ. ಐದು ಪಟ್ಟು ಚಿಲ್ಲರೆ. ನಾಬ್ ಜರುಗೋದು ಹೆಚ್ಚುಕಡಿಮೆ ಹನ್ನೆರಡು ಮುಕ್ಕಾಲು ಸೆಂಟಿಮೀಟರ್. ಮೊದಲಿನ ಮೂರು ಕೆಜಿ ಈಗ ಮೂರೂವರೆ. ಘಾಟಿಯಲ್ಲಿ ನನಗೆ ಸಿಕ್ಕಿದ್ದ ಆ ಚುರುಕು ಸ್ವಲ್ಪ ಕಡಿಮೆ ಆಗಿದೆ, ಇಲ್ಲ ಅನ್ನೋದಿಲ್ಲ. ಆದರೆ ನಾಬ್ ಈಗ ಮೊದಲಿಗಿಂತ ಮೂರೂವರೆ ಸೆಂಟಿಮೀಟರ್ ಮೇಲಿದೆ, ಸ್ಟೇರಿಂಗಿಗೆ ಹತ್ತಿರ. ಬಗ್ಗಬೇಕಾಗಿಲ್ಲ. ರ‍್ಯಾಲಿ ಕಾರುಗಳಲ್ಲಿ ಲಿವರನ್ನು ಎತ್ತರಕ್ಕೆ, ಸ್ಟೇರಿಂಗ್ ಪಕ್ಕಕ್ಕೇ ತಂದಿರುತ್ತಾರೆ, ಕೈ ಹೋಗಿ ಬರುವ ದಾರಿ ಕಮ್ಮಿ ಆಗಲಿ ಅಂತ. ಕೈ ಎಷ್ಟು ದೂರ ಹೋಗಬೇಕು ಅನ್ನೋದು ಗೇರ್ ಎಷ್ಟು ದೂರ ಜರುಗಬೇಕು ಅನ್ನುವಷ್ಟೇ ಮುಖ್ಯ ಅಂತ ನನಗೆ ಇದನ್ನು ಮಾಡಿದ ಮೇಲೆ ಗೊತ್ತಾಯ್ತು.

ಅದನ್ನು ಜೋಡಿಸಿದ ಭಾನುವಾರ ಅಪ್ಪಯ್ಯನಿಗೆ ಏನೂ ಹೇಳಲಿಲ್ಲ. ಕೀಲಿ ಕೊಟ್ಟೆ. ಪೇಟೆಯಲ್ಲಿ ಸ್ವಲ್ಪ ಕೆಲಸ ಇದೆ ಅಂತ ಅವರೇ ಹೊರಟರು. ಮಧ್ಯಾಹ್ನ ಊಟದ ಹೊತ್ತಿಗೆ ನಾನು ಅಂಗಳದಲ್ಲಿ ಅಡಿಕೆ ಹರವುತ್ತಿದ್ದೆ. ಕೆರೆ ಏರಿಯ ಮೇಲೆ ಜಿಪ್ಸಿಯ ಸದ್ದು ಕೇಳಿತು. ಏರು ಶುರುವಾಗುವಲ್ಲಿ ಆಕ್ಸಿಲರೇಟರ್ ಬಿಟ್ಟದ್ದು ಗೊತ್ತಾಯ್ತು. ಒಂದು ಕ್ಷಣ ಎಂಜಿನ್ ಸುಮ್ಮನಿತ್ತು, ಅದು ಅವರ ನ್ಯೂಟ್ರಲ್. ಆಮೇಲೆ ಎರಡನೇ ಗೇರ್ ಬಿತ್ತು, ಗಾಡಿ ಹತ್ತತೊಡಗಿತು. ನಾನು ಕೈ ಒರೆಸಿಕೊಂಡು ದಾರಿಗೆ ಅಡ್ಡ ಇಟ್ಟ ದಣಪೆ ತೆಗೆಯಲು ಹೋದೆ.